ಕಾಲ ಬಳಿ ಕಡ್ಡಿ, ಕಣ್ಣೊಳಗೆ ಚಿತ್ರ



1950ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ, ಸಯೋಟೊ ಕಂಟ್ರಿ ಕ್ಲಬ್‌ನಲ್ಲಿ, ಹತ್ತು ವರ್ಷದ ಹುಡುಗನೊಬ್ಬ ಗಾಲ್ಫ್ ಕಲಿಯಲು ಸೇರಿದ. ಕ್ಲಬ್ ಬೀಸುವಾಗ ಅವನ ತಲೆ ಅತ್ತಿತ್ತ ಸರಿಯುತ್ತಿತ್ತು. ಗುರು ಜ್ಯಾಕ್ ಗ್ರೌಟ್ ಅದಕ್ಕೊಂದು ಉಪಾಯ ಹೂಡಿದರು. ತಮ್ಮ ಸಹಾಯಕನನ್ನು ಹುಡುಗನ ಎದುರು ನಿಲ್ಲಿಸಿ, ಅವನ ತಲೆಗೂದಲನ್ನು ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದರು. ಈಗ ಹೊಡಿ ನೋಡೋಣ ಎಂದರು. ತಲೆ ಅಲುಗಿದರೆ ಕೂದಲು ಎಳೆಯುತ್ತದೆ, ನೋಯುತ್ತದೆ. ತಲೆ ಅಲುಗಾಡದೆ ಹೊಡೆಯುವುದನ್ನು ಹುಡುಗ ಕಲಿತೇ ಕಲಿತ.

ಆ ಹುಡುಗನೇ ಜ್ಯಾಕ್ ನಿಕ್ಲಾಸ್. 1962ರಿಂದ 1986ರವರೆಗೆ ಹದಿನೆಂಟು ಮೇಜರ್ ಪಂದ್ಯಾವಳಿಗಳನ್ನು ಗೆದ್ದವರು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಅವರು 1974ರಲ್ಲಿ ಪ್ರಕಟಿಸಿದ ‘ಗಾಲ್ಫ್ ಮೈ ವೇ’ ಪುಸ್ತಕದಲ್ಲಿ ತಮ್ಮ ಇನ್ನೊಂದು ಅಭ್ಯಾಸವನ್ನೂ ವಿವರಿಸಿದ್ದಾರೆ. ಪ್ರತಿ ಹೊಡೆತಕ್ಕೂ ಮುಂಚೆ ಅವರು ಮನಸ್ಸಿನಲ್ಲೇ ಒಂದು ಪುಟ್ಟ ಸಿನಿಮಾ ನೋಡುತ್ತಿದ್ದರು. ಮೊದಲ ದೃಶ್ಯದಲ್ಲಿ ಚೆಂಡು ಹಸಿರು ಹುಲ್ಲಿನ ಮೇಲೆ, ತಾವು ಬಯಸಿದ ಜಾಗದಲ್ಲಿ ಬಿಳಿಯಾಗಿ ಕೂತಿರುತ್ತದೆ. ಆಮೇಲಿನ ದೃಶ್ಯ ಚೆಂಡು ಅಲ್ಲಿಗೆ ಹಾರಿಹೋದ ದಾರಿಯದು: ಎಷ್ಟು ಎತ್ತರಕ್ಕೆ ಏರಿತು, ಯಾವ ಕಡೆಗೆ ಬಾಗಿತು, ಬಿದ್ದ ಮೇಲೆ ಹೇಗೆ ಉರುಳಿತು. ಕೊನೆಯಲ್ಲಿ ಆ ಹಾರಾಟಕ್ಕೆ ಕಾರಣವಾದ ಸ್ವಿಂಗ್. ಸಿನಿಮಾ ಹಿಂದುಮುಂದಾಗಿ ಓಡುತ್ತದೆ, ಫಲ ಮೊದಲು, ಪ್ರಯತ್ನ ಕೊನೆಗೆ. ಅದು ಮುಗಿದ ಮೇಲೇ ಅವರು ಚೆಂಡಿನ ಬಳಿ ನಿಲ್ಲುತ್ತಿದ್ದರು.

ಕೂದಲು ಹಿಡಿದ ಕೈ ಹೊರಗಿನ ನೆರವು, ಮನಸ್ಸಿನ ಸಿನಿಮಾ ಒಳಗಿನ ನೆರವು. ಗಾಲ್ಫ್ ಸ್ವಿಂಗ್ ತಿದ್ದಿಕೊಳ್ಳಬೇಕು ಎನ್ನುವವರಿಗೆ ಇವೆರಡೂ ಬೇಕು. ಆದರೆ ಯಾವುದು ಎಲ್ಲಿ ಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಯಾವಾಗ ಹಿಡಿಯಬೇಕು ಎನ್ನುವುದನ್ನು ತಿಳಿಯದೆ ಹಣವನ್ನೂ ಸಮಯವನ್ನೂ ಕಳೆದುಕೊಳ್ಳುವವರು ಬಹಳ. ಇವತ್ತಿನ ಮಾತು ಅದರ ಬಗ್ಗೆ.

ಗಾಲ್ಫ್ ಆಡದ ಕೇಳುಗರಿಗಾಗಿ ಒಂದೆರಡು ಲೆಕ್ಕ ಹೇಳಿಬಿಡುತ್ತೇನೆ. ಗಾಲ್ಫ್ ಚೆಂಡಿನ ತೂಕ 46 ಗ್ರಾಂ ಒಳಗೇ ಇರಬೇಕು. ಅದು ಕೊನೆಗೆ ಬೀಳಬೇಕಾದ ಕುಳಿಯ ಅಗಲ 108 ಮಿಲಿಮೀಟರ್. ಕ್ಲಬ್ಬನ್ನು ಹಿಂದಕ್ಕೆ ಎತ್ತಿ ಮತ್ತೆ ಚೆಂಡಿಗೆ ತಾಗಿಸುವವರೆಗೆ ಹಿಡಿಯುವ ಸಮಯ ಸುಮಾರು ಒಂದು ಸೆಕೆಂಡ್. ಅದರಲ್ಲಿ ಕೆಳಗಿಳಿಯುವ ಭಾಗಕ್ಕೆ ಕಾಲು ಸೆಕೆಂಡ್. ಇನ್ನು ಕ್ಲಬ್ಬಿನ ಮುಖ ಚೆಂಡಿಗೆ ಅಂಟಿಕೊಂಡಿರುವ ಹೊತ್ತು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿಬಿಡುತ್ತದೆ. ಕೈ ಕೆಳಗಿಳಿಯಲು ಶುರುವಾದ ಮೇಲೆ ‘ಅಯ್ಯೋ, ತಪ್ಪಾಯಿತು’ ಎಂದು ಸರಿಪಡಿಸಿಕೊಳ್ಳಲು ವ್ಯವಧಾನವೇ ಇಲ್ಲ. ತಪ್ಪೆಷ್ಟು ದುಬಾರಿ ಎನ್ನುವುದನ್ನೂ ನೋಡಿ. ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 200 ಗಜ ದೂರ ಹೋಗುವಷ್ಟರಲ್ಲಿ ಅದು ಮೂರೂವರೆ ಗಜ ಪಕ್ಕಕ್ಕೆ ಸರಿದಿರುತ್ತದೆ. ಐದು ಡಿಗ್ರಿ ತಪ್ಪಿದರೆ ಹದಿನೇಳು ಗಜ. ಅಂದರೆ ಹುಲ್ಲು ಕತ್ತರಿಸಿದ ಫೇರ್‌ವೇ ಬಿಟ್ಟು ಪೊದೆಯೊಳಗೆ.

ತಪ್ಪು ಎಲ್ಲಿದೆ ಎಂದು ಆಟಗಾರನಿಗೆ ಗೊತ್ತಾಗುವುದಿಲ್ಲವೇ? ಬಹುಪಾಲು ಗೊತ್ತಾಗುವುದಿಲ್ಲ. ನಾವು ಮಾಡುತ್ತಿದ್ದೇವೆ ಎಂದು ಅಂದುಕೊಳ್ಳುವುದೇ ಒಂದು, ಮೈ ಮಾಡುವುದೇ ಇನ್ನೊಂದು. ಕೈ ನೇರ ಇದೆ ಎಂದು ಆಣೆ ಮಾಡಿ ಹೇಳುವವರಿಗೆ ವಿಡಿಯೊ ತೋರಿಸಿದರೆ ಮೊಣಕೈ ಮಡಚಿರುತ್ತದೆ. ಅಭ್ಯಾಸ ಸಾಧನಗಳು ಹುಟ್ಟಿದ್ದೇ ಈ ಭ್ರಮೆಯನ್ನು ಒಡೆಯಲಿಕ್ಕೆ. ಮೈಗೆ ಗೊತ್ತಿಲ್ಲದ ಸತ್ಯವನ್ನು ಅವು ತಕ್ಷಣ, ಮುಲಾಜಿಲ್ಲದೆ ಹೇಳಬೇಕು. ಸಾಧನಕ್ಕೆ ಇರುವ ಕೆಲಸ ಅಷ್ಟೇ.

ಎಲ್ಲಕ್ಕಿಂತ ಅಗ್ಗದ ಸಾಧನದಿಂದ ಶುರುಮಾಡೋಣ. ನಾಲ್ಕಡಿ ಉದ್ದದ ಎರಡು ತೆಳುವಾದ ಫೈಬರ್ ಕಡ್ಡಿಗಳು. ಅಂಗಡಿಯಲ್ಲಿ ಸಿಗುತ್ತವೆ. ಸಿಗದಿದ್ದರೆ ತೆಳ್ಳನೆಯ ಪಿವಿಸಿ ಪೈಪಿನ ತುಂಡುಗಳಾದರೂ ಆದೀತು. ಅಭ್ಯಾಸದ ಬಯಲಾದ ಡ್ರೈವಿಂಗ್ ರೇಂಜಿನಲ್ಲಿ ದೂರದ ಒಂದು ಬಾವುಟವನ್ನೋ ಮರವನ್ನೋ ಗುರಿ ಮಾಡಿಕೊಳ್ಳಿ. ಚೆಂಡಿನ ಹಿಂದೆ ನಿಂತು ನೋಡಿ, ಒಂದು ಕಡ್ಡಿಯನ್ನು ಚೆಂಡಿನ ಆಚೆ ಬದಿಗೆ, ಗುರಿಯ ಕಡೆ ಮುಖ ಮಾಡಿಸಿ ಇಡಿ. ಎರಡನೆಯದನ್ನು ಅದಕ್ಕೆ ಸಮಾನಾಂತರವಾಗಿ, ನಿಮ್ಮ ಕಾಲಿನ ಹೆಬ್ಬೆರಳುಗಳಿಗೆ ತಾಗುವಂತೆ ಇಡಿ. ಈಗ ನಿಂತುಕೊಳ್ಳಿ. ಬಲಗೈ ಆಟಗಾರರಲ್ಲಿ ಅನೇಕರಿಗೆ ಇಲ್ಲೇ ಮೊದಲ ಆಘಾತ. ಇಷ್ಟು ದಿನ ನೇರ ನಿಂತಿದ್ದೇನೆ ಎಂದುಕೊಂಡದ್ದು ಗುರಿಗಿಂತ ಸಾಕಷ್ಟು ಬಲಕ್ಕೆ ತಿರುಗಿ ನಿಂತದ್ದಾಗಿರುತ್ತದೆ. ನಿಲುವು ಬಲಕ್ಕೆ ತಿರುಗಿದ್ದರೆ ಚೆಂಡನ್ನು ಗುರಿಗೆ ತರಲು ಭುಜ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ನಿಂತದ್ದರಲ್ಲಿ ಇರುವ ತಪ್ಪನ್ನು ಸ್ವಿಂಗಿನ ತಪ್ಪು ಎಂದು ತಿಳಿದು ವರ್ಷಗಟ್ಟಲೆ ಸ್ವಿಂಗ್ ಕೆಡಿಸಿಕೊಂಡವರಿದ್ದಾರೆ. ಅವರ ಮಟ್ಟಿಗೆ ಎರಡು ಕಡ್ಡಿ ಇಟ್ಟ ದಿನವೇ ಅರ್ಧ ಕಾಯಿಲೆ ವಾಸಿ.

ಮುಂದಿನದು ಸ್ಲೈಸ್. ಬಲಗೈ ಆಟಗಾರ ಹೊಡೆದ ಚೆಂಡು ಬಲಕ್ಕೆ ಬಾಗಿ ಬಾಗಿ ದೂರ ಹೋಗುವ ರೋಗ. ಹೊಸಬರಲ್ಲಿ ಇದಿಲ್ಲದವರು ವಿರಳ. ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದಂತೆ ಬರುತ್ತದೆ, ಅದರ ಮುಖ ಆ ದಾರಿಗಿಂತ ಬಲಕ್ಕೆ ತೆರೆದಿರುತ್ತದೆ. ಇದಕ್ಕೆ ಚೆಂಡಿನಿಂದ ಒಂದು ಗೇಣು ಹಿಂದೆ, ಸ್ವಲ್ಪ ಆಚೆ ಬದಿಗೆ, ಕ್ಲಬ್ಬಿಗೆ ತೊಡಿಸುವ ಮೆತ್ತನೆಯ ಕವರನ್ನು ಇಟ್ಟು ಹೊಡೆಯಿರಿ. ಕ್ಲಬ್ ಹೊರಗಿನಿಂದ ಬಂದರೆ ಕವರಿಗೆ ತಗುಲಿ ಸದ್ದಾಗುತ್ತದೆ. ಒಳಗಿನಿಂದ ಬಂದರೆ ಚೆಂಡಿಗಷ್ಟೇ ತಾಗುತ್ತದೆ. ಗಟ್ಟಿ ವಸ್ತುವನ್ನು ಇಡಬೇಡಿ, ಮಣಿಕಟ್ಟಿಗೆ ಪೆಟ್ಟಾದೀತು. ಇನ್ನು ತೋಳು ಮೈಯಿಂದ ಬೇರೆಯಾಗಿ ಹಾರುವವರಿಗೆ ಟವೆಲ್ ಸಾಕು. ಎದೆಗೆ ಅಡ್ಡಲಾಗಿ ಹಿಡಿದು ಎರಡೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಚಿಕ್ಕ ಐರನ್ ಕ್ಲಬ್ಬಿನಿಂದ ಅರ್ಧ ಸ್ವಿಂಗ್ ಮಾಡುವುದು. ತೋಳು ಎದೆಯ ಜೊತೆ ತಿರುಗದಿದ್ದರೆ ಟವೆಲ್ ನೆಲಕ್ಕೆ ಬೀಳುತ್ತದೆ.

ಲಯ ತಪ್ಪಿದವರಿಗೆ ತೂಕದ ಕ್ಲಬ್ ಉಂಟು, ತುದಿಯಲ್ಲಿ ಗುಂಡು ಇರುವ ಬಳುಕುವ ಕೋಲು ಉಂಟು, ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಉಂಟು. ಒಳ್ಳೆಯ ಆಟಗಾರರಲ್ಲಿ ಎತ್ತುವ ಸಮಯ ಇಳಿಸುವ ಸಮಯದ ಮೂರರಷ್ಟಿರುತ್ತದೆ. ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಗುರು ಇಂಗ್ಲೆಂಡಿನ ಅರ್ನೆಸ್ಟ್ ಜೋನ್ಸ್. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಒಂದು ಕಾಲು ಕಳೆದುಕೊಂಡರು. ಆದರೂ ಮತ್ತೆ ಮೈದಾನಕ್ಕೆ ಬಂದು ಚೆನ್ನಾಗಿಯೇ ಆಡಿದರು. ಒಂದು ಕಾಲಿನ ಮೇಲೂ ಆಡಬಹುದಾದರೆ ಸ್ವಿಂಗಿನ ಗುಟ್ಟು ಕ್ಲಬ್ಬಿನ ತಲೆಯ ತೂಗಾಟದಲ್ಲಿದೆ ಎಂದು ಅವರು ಕಂಡುಕೊಂಡರು. ಅವರ ಸಾಧನ ಒಂದು ಕರವಸ್ತ್ರ, ಅದರ ತುದಿಗೆ ಕಟ್ಟಿದ ಪುಟ್ಟ ಚಾಕು. ಅದನ್ನು ತೂಗುವಾಗ ಕೈ ಅವಸರಪಟ್ಟರೆ ಬಟ್ಟೆ ಸಡಿಲವಾಗಿ ಚಾಕು ತಡಬಡಿಸುತ್ತದೆ. ಸಮಾಧಾನದಿಂದ ತೂಗಿದರೆ ಬಟ್ಟೆ ಬಿಗಿಯಾಗಿ ಒಂದೇ ವೃತ್ತದಲ್ಲಿ ಸಾಗುತ್ತದೆ. ತೂಕದ ಕ್ಲಬ್ಬಿನ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಬೇಕು: ಸೊಂಟ ನೋವಿರುವವರು ವೈದ್ಯರನ್ನು ಕೇಳದೆ ಅದನ್ನು ಬೀಸಬಾರದು.

ಇಷ್ಟೆಲ್ಲ ಉಪಯೋಗವಿದ್ದ ಮೇಲೆ ಇನ್ನೇನು ತಕರಾರು? ತಕರಾರು ಇದೆ. ಸಾಧನ ಕಾಲ ಬಳಿ ಇರುವಾಗ ಚೆನ್ನಾಗಿ ಹೊಡೆದವರು ಅದನ್ನು ತೆಗೆದ ಕೂಡಲೇ ಹಳೆಯ ದಾರಿಗೆ ಬೀಳುತ್ತಾರೆ. ಚಲನೆ ಕಲಿಯುವುದರ ಬಗ್ಗೆ ಸಂಶೋಧನೆ ನಡೆಸಿದ ಸಾಲ್ಮೊನಿ, ಶ್ಮಿಟ್ ಮತ್ತು ವಾಲ್ಟರ್ ಎಂಬುವರು 1984ರಲ್ಲೇ ಇದನ್ನು ವಿವರಿಸಿದ್ದರು. ಪ್ರತಿ ಸಲವೂ ಹೊರಗಿನಿಂದ ಉತ್ತರ ಸಿಗುತ್ತಿದ್ದರೆ ಕಲಿಯುವವನು ತನ್ನ ಮೈ ಹೇಳುವುದನ್ನು ಕೇಳುವುದನ್ನೇ ಬಿಡುತ್ತಾನೆ. ಅಭ್ಯಾಸದ ಹೊತ್ತಿನಲ್ಲಿ ಮಿಂಚುತ್ತಾನೆ, ಪರೀಕ್ಷೆಯ ಹೊತ್ತಿಗೆ ಮಂಕಾಗುತ್ತಾನೆ. ಮನೆಗೆ ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಹೊಡೆಯುತ್ತಾರಲ್ಲ, ಸಾಧನ ಅದರಂತೆ. ಅದಿಲ್ಲದೆ ಕಾಂಕ್ರೀಟು ನಿಲ್ಲುವುದಿಲ್ಲ. ಬಿಗಿಯುವ ಮೊದಲೇ ಬಿಚ್ಚಿದರೆ ತಾರಸಿ ಕುಸಿಯುತ್ತದೆ. ಬಿಚ್ಚದೇ ಬಿಟ್ಟರೆ ಆ ಮನೆಯಲ್ಲಿ ಸಂಸಾರ ಮಾಡಲಾಗುವುದಿಲ್ಲ.

ಬಿಚ್ಚಲೇಬೇಕು ಎನ್ನುವುದಕ್ಕೆ ಇನ್ನೊಂದು ಖಚಿತ ಕಾರಣ ಆಟದ ನಿಯಮ. ಪಂದ್ಯ ಶುರುವಾದ ಮೇಲೆ ಸಾಧನಗಳನ್ನು ಮೈದಾನದಲ್ಲಿ ಬಳಸುವಂತಿಲ್ಲ. ಕಡ್ಡಿಯನ್ನು ಚೀಲದಲ್ಲಿ ಇಟ್ಟುಕೊಂಡಿರಬಹುದು, ನೆಲದ ಮೇಲೆ ಇಟ್ಟು ಗುರಿ ನೋಡುವಂತಿಲ್ಲ. 2010ರ ಆಗಸ್ಟ್‌ನಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ನಡೆದ ಸೇಫ್‌ವೇ ಕ್ಲಾಸಿಕ್ ಪಂದ್ಯಾವಳಿಯಲ್ಲಿ ಏನಾಯಿತು ನೋಡಿ. ಏಳು ಮೇಜರ್ ಗೆದ್ದ ಜೂಲಿ ಇಂಕ್‌ಸ್ಟರ್ ಆಗ ಐವತ್ತರ ಹರೆಯದಲ್ಲೂ ಪೈಪೋಟಿಯಲ್ಲಿದ್ದರು. ಹತ್ತನೆಯ ಟೀ ಬಳಿ, ಅಂದರೆ ಹತ್ತನೆಯ ಕುಳಿಗೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ಅರ್ಧ ಗಂಟೆಯಷ್ಟು ಕಾಯಬೇಕಾಯಿತು. ಮೈ ಬಿಗಿಯದಿರಲಿ ಎಂದು ಕ್ಲಬ್ಬಿಗೆ ತೂಕದ ಬಳೆ ತೊಡಿಸಿ ಒಂದಿಷ್ಟು ಬೀಸಿದರು. ಟಿ.ವಿ.ಯಲ್ಲಿ ನೋಡುತ್ತಿದ್ದವರೊಬ್ಬರು ಸಂಘಟಕರಿಗೆ ಇ-ಮೇಲ್ ಕಳಿಸಿದರು. ಇಂಕ್‌ಸ್ಟರ್ ಪಂದ್ಯಾವಳಿಯಿಂದಲೇ ಅನರ್ಹರಾದರು. ಈಗಿನ ನಿಯಮ ಕೊಂಚ ಮೃದು, ಮೊದಲ ತಪ್ಪಿಗೆ ಎರಡು ಹೊಡೆತಗಳ ದಂಡ, ಎರಡನೆಯದಕ್ಕೆ ಅನರ್ಹತೆ. ಆದರೆ ಮನಸ್ಸಿನಲ್ಲಿ ಚಿತ್ರ ಮೂಡಿಸಿಕೊಳ್ಳುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಹದಿನೆಂಟನೆಯ ಕುಳಿಯವರೆಗೆ ಆಟಗಾರ ಜೊತೆಗೆ ಒಯ್ದು ಬಳಸಬಹುದಾದ ಸಾಧನ ಅದೊಂದೇ.

ಹೊರಗಿನ ಸಾಧನವನ್ನು ಒಳಕ್ಕೆ ಸಾಗಿಸುವುದು ಹೇಗೆ ಎಂದು ತೋರಿಸಿಕೊಟ್ಟವರು ಬೆನ್ ಹೋಗನ್. 1949ರಲ್ಲಿ ಇವರ ಕಾರಿಗೆ ಬಸ್ಸು ಡಿಕ್ಕಿ ಹೊಡೆದು ಬದುಕುವುದೇ ಕಷ್ಟ ಎನ್ನುವಂತಾಗಿತ್ತು. ಮರುವರ್ಷವೇ ಯು.ಎಸ್. ಓಪನ್ ಗೆದ್ದರು. 1957ರ ತಮ್ಮ ‘ಫೈವ್ ಲೆಸನ್ಸ್’ ಪುಸ್ತಕದಲ್ಲಿ ಒಂದು ಗಾಜಿನ ಹಲಗೆಯನ್ನು ಕಲ್ಪಿಸಿಕೊಳ್ಳಿ ಎಂದರು. ಚೆಂಡಿನಿಂದ ಮೇಲೆದ್ದು ನಿಮ್ಮ ಭುಜದ ಮೇಲೆ ಒರಗಿದ ಗಾಜು, ತಲೆ ತೂರಲಿಕ್ಕೆ ಒಂದು ತೂತು. ಕ್ಲಬ್ ಎತ್ತುವಾಗ ತೋಳು ಆ ಗಾಜನ್ನು ಒಡೆಯಕೂಡದು. ಗಾಜು ಎಲ್ಲೂ ಇಲ್ಲ. ಆದರೆ ಅದನ್ನು ಒಮ್ಮೆ ಮನಸ್ಸಿನಲ್ಲಿ ಕಂಡವರ ತೋಳು ಎಚ್ಚರಿಕೆಯಿಂದ ಏಳುತ್ತದೆ.

ಇದೆಲ್ಲ ನಂಬಿಕೆಯ ಮಾತೋ, ಇದಕ್ಕೆ ಆಧಾರವಿದೆಯೋ ಎಂದು ಕೇಳಬಹುದು. 1930ರ ಸುಮಾರಿಗೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್, ತೋಳು ಮಡಚುವುದನ್ನು ಬರೀ ಕಲ್ಪಿಸಿಕೊಂಡವರ ತೋಳಿನ ಸ್ನಾಯುಗಳಲ್ಲಿ ಸಣ್ಣ ವಿದ್ಯುತ್ ಚಟುವಟಿಕೆಯನ್ನು ಅಳೆದರು. 1983ರಲ್ಲಿ ಫೆಲ್ಟ್ಸ್ ಮತ್ತು ಲ್ಯಾಂಡರ್ಸ್ ಅದುವರೆಗಿನ ಹಲವಾರು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಮನಸ್ಸಿನ ಅಭ್ಯಾಸ ಏನೂ ಮಾಡದೆ ಇರುವುದಕ್ಕಿಂತ ಮೇಲು ಎಂದು ಕಂಡುಬಂತು. ಆದರೆ ಅದು ಮೈದಾನದ ಅಭ್ಯಾಸಕ್ಕೆ ಬದಲಿಯಾಗಲಾರದು. ಕಣ್ಣು ಮುಚ್ಚಿ ಕೂತು ಚಾಂಪಿಯನ್ ಆದವರಿಲ್ಲ. ಕ್ಲಬ್ ಹಿಡಿಯಲು ಬಾರದವನು ಕಲ್ಪಿಸಿಕೊಳ್ಳುವುದು ತಪ್ಪು ಸ್ವಿಂಗನ್ನೇ. ಅದಕ್ಕೇ ಸಾಧನ ಮೊದಲು, ಚಿತ್ರ ಆಮೇಲೆ. ಸರಿಯಾದ ಚಲನೆಯ ರುಚಿ ಮೈಗೆ ಒಮ್ಮೆ ಹತ್ತಿದ ಮೇಲೆ ಅದನ್ನು ಮನಸ್ಸಿನಲ್ಲಿ ಮೆಲುಕು ಹಾಕಬಹುದು.

ಮೆಲುಕು ಹಾಕುವುದಕ್ಕೂ ಕ್ರಮವಿದೆ. 2001ರಲ್ಲಿ ಹೋಮ್ಸ್ ಮತ್ತು ಕಾಲಿನ್ಸ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞರು ಅದನ್ನು ಮಂಡಿಸಿದರು. ಸೋಫಾದ ಮೇಲೆ ಮಲಗಿ ಹಗಲುಗನಸು ಕಂಡರೆ ಸಾಲದು. ಎದ್ದು ನಿಲ್ಲಿ. ಆಡುವಾಗ ತೊಡುವ ಗ್ಲೌಸ್ ತೊಟ್ಟು ಕ್ಲಬ್ ಹಿಡಿಯಿರಿ. ನಿಮಗೆ ಗೊತ್ತಿರುವ ಒಂದು ನಿರ್ದಿಷ್ಟ ಜಾಗವನ್ನು ನೆನೆಯಿರಿ. ಬೇರೆ ಯಾರೋ ನಿಮ್ಮನ್ನು ನೋಡುತ್ತಿರುವಂತೆ ಕಾಣುವುದಕ್ಕಿಂತ ನಿಮ್ಮ ಕಣ್ಣಿನಿಂದಲೇ ಚೆಂಡನ್ನೂ ಕೈಗಳನ್ನೂ ಕಾಣಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎದೆ ಎಷ್ಟು ಹೊಡೆದುಕೊಳ್ಳುತ್ತಿದೆ, ಅದೂ ಚಿತ್ರದೊಳಗೆ ಬರಲಿ. ಮುಖ್ಯವಾಗಿ, ನಿಜವಾದ ಸ್ವಿಂಗಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಚಿತ್ರಕ್ಕೂ ಅಷ್ಟೇ ಹೊತ್ತು ಹಿಡಿಯಲಿ, ನಿಧಾನಗತಿ ಬೇಡ. 2008ರಲ್ಲಿ ಬಂಕರಿನ ಮರಳಿನಿಂದ ಚೆಂಡು ಎತ್ತುವ ಹೊಡೆತದ ಮೇಲೆ ಈ ಕ್ರಮವನ್ನು ಪರೀಕ್ಷಿಸಿದಾಗ, ಮರಳಿನಲ್ಲಿ ಹೊಡೆಯುವುದನ್ನೂ ಇಂಥ ಕಲ್ಪನೆಯನ್ನೂ ಜೋಡಿಸಿಕೊಂಡವರೇ ಹೆಚ್ಚು ಸುಧಾರಿಸಿದ್ದು ಕಂಡುಬಂತು.

ಚಿತ್ರ ಎಂದಮೇಲೆ ಎಲ್ಲ ಚಿತ್ರವೂ ಒಳ್ಳೆಯದಲ್ಲ. ವುಲ್ಫೋಕ್ ಮತ್ತು ಸಂಗಡಿಗರು 1985ರಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಪಟ್, ಅಂದರೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ, ಮಾಡಿಸಿದರು. ಚೆಂಡು ಕುಳಿಗೆ ಬೀಳುವುದನ್ನು ಕಲ್ಪಿಸಿಕೊಂಡವರು ದಿನದಿಂದ ದಿನಕ್ಕೆ ಸುಧಾರಿಸಿದರು. ಕುಳಿಯ ಪಕ್ಕದಲ್ಲೇ ತಪ್ಪಿಹೋಗುವುದನ್ನು ಕಲ್ಪಿಸಿಕೊಂಡವರು ಕೆಟ್ಟರು. ‘ಎದುರಿನ ಕೆರೆಗೆ ಹಾಕಬೇಡ’ ಎಂದು ನಮಗೆ ನಾವೇ ಹೇಳಿಕೊಂಡಾಗ ಮನಸ್ಸಿನ ಮುಂದೆ ನಿಲ್ಲುವುದು ಕೆರೆಯೇ. ಚೆಂಡು, ಕ್ಲಬ್‌ಗಳನ್ನು ಪರೀಕ್ಷಿಸಲು ‘ಐರನ್ ಬೈರನ್’ ಎಂಬ ಹೊಡೆಯುವ ಯಂತ್ರ ಇದೆ. 1945ರಲ್ಲಿ ಸತತ ಹನ್ನೊಂದು ಪಂದ್ಯಾವಳಿ ಗೆದ್ದ ಬೈರನ್ ನೆಲ್ಸನ್ ಅವರ ಸ್ವಿಂಗನ್ನು ಮಾದರಿ ಮಾಡಿಕೊಂಡು ಅವರ ಹೆಸರನ್ನೇ ಇಟ್ಟರು. ಅದು ಎಷ್ಟು ಸಲ ಹೊಡೆದರೂ ಒಂದೇ ರೀತಿ. ಯಂತ್ರಕ್ಕೆ ಕೆರೆ ಕಾಣುವುದಿಲ್ಲ. ನಮಗೆ ಕಾಣುತ್ತದೆ, ಕಂಡದ್ದನ್ನು ಮರೆಯಲಾಗುವುದಿಲ್ಲ. ಅದರ ಜಾಗಕ್ಕೆ ಇನ್ನೊಂದನ್ನು, ಕೆರೆಯಾಚೆ ಕುಳಿಯ ಸುತ್ತಲಿನ ಗ್ರೀನಿನ ಮೇಲೆ ಚೆಂಡು ಬೀಳಬೇಕಾದ ಅಂಗೈಯಗಲ ಜಾಗವನ್ನು, ತಂದು ಕೂರಿಸಿಕೊಳ್ಳಬಹುದು.

ಮೈದಾನದಲ್ಲಿ ಯಾವುದರ ಮೇಲೆ ಗಮನ ಇಡಬೇಕು ಎನ್ನುವುದಕ್ಕೂ ಉತ್ತರ ಉಂಟು. 1999ರಲ್ಲಿ ಗಾಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಹೊಸಬರಿಗೆ ಗಾಲ್ಫ್ ಪಿಚ್ ಹೊಡೆತ ಕಲಿಸುವಾಗ ಒಂದು ಗುಂಪಿಗೆ ತೋಳಿನ ಚಲನೆಯನ್ನು ಗಮನಿಸಲು, ಇನ್ನೊಂದಕ್ಕೆ ಕ್ಲಬ್ಬಿನ ಚಲನೆಯನ್ನು ಗಮನಿಸಲು ಹೇಳಿದರು. ಕ್ಲಬ್ಬನ್ನು ಗಮನಿಸಿದವರೇ ಗುರಿಗೆ ಹತ್ತಿರವಾದರು. ಟೀ ಬಳಿ ನಿಂತು ಮೊಣಕೈ, ಮಂಡಿ, ಸೊಂಟ ಎಂದು ಪಾಠ ಒಪ್ಪಿಸುವವರ ಚೆಂಡು ಅಡ್ಡಾದಿಡ್ಡಿ ಹೋಗುವುದು ಇದಕ್ಕೇ. ಮೈಯ ವಿಚಾರ ರೇಂಜಿನಲ್ಲೇ ಮುಗಿಯಲಿ, ಮೈದಾನದಲ್ಲಿ ಚೆಂಡು ಮತ್ತು ಗುರಿ ಸಾಕು.

ನೋಟದ ಬಲಕ್ಕೆ ನಿದರ್ಶನ ಬೆಂಗಳೂರಿನಲ್ಲೇ ಇದೆ. ಈ ಊರಿಗೂ ಗಾಲ್ಫಿಗೂ ನಂಟು ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೆ ಇಲ್ಲಿಯ ಮನೆಮನೆಯಲ್ಲೂ ಗಾಲ್ಫ್ ಎನ್ನುವ ಮಾತು ಕೇಳಿಬಂದದ್ದು 2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ. ನಮ್ಮ ಊರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು ಆಡುತ್ತಿದ್ದರು. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯ ಸ್ಥಾನದಲ್ಲಿದ್ದ ಹುಡುಗಿ. ಕ್ಲಬ್ ಚೀಲ ಹೊತ್ತು ಕ್ಯಾಡಿಯಾಗಿ ಜೊತೆಗಿದ್ದವರು ತಾಯಿ ಮಹೇಶ್ವರಿ. ದೂರ ಹೊಡೆಯುವುದರಲ್ಲಿ ಅದಿತಿ ಅಲ್ಲಿದ್ದವರಲ್ಲಿ ಹಿಂದಿನ ಸಾಲಿನವರು. ಪಟ್ಟಿಂಗ್‌ನಲ್ಲಿ ಮುಂಚೂಣಿಯವರು. ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದರು. ಪಟ್ಟಿಂಗ್‌ಗೆ ತೋಳ್ಬಲ ಬೇಡ. ನೆಲದ ಏರಿಳಿತವನ್ನು ಓದಿ, ಚೆಂಡು ಸಾಗಬೇಕಾದ ಗೆರೆಯನ್ನು ಇಲ್ಲದ ಕಡೆ ಕಾಣಬೇಕು. ಬಲದ ಕೊರತೆಯನ್ನು ನೋಟ ಎಷ್ಟು ಮಟ್ಟಿಗೆ ತುಂಬಬಲ್ಲದು ಎನ್ನುವುದಕ್ಕೆ ಟೋಕಿಯೊದ ಆ ನಾಲ್ಕು ದಿನಗಳೇ ಸಾಕ್ಷಿ.

ಪಟ್ಟಿಂಗಿಗೆ ಮನೆಯಲ್ಲೇ ಅಭ್ಯಾಸ ಸಾಧ್ಯ. ಟೈಗರ್ ವುಡ್ಸ್ ಮಾಡುತ್ತಿದ್ದ ಅಭ್ಯಾಸ ಒಂದಿದೆ. ಪಟ್ ಮಾಡುವ ಕ್ಲಬ್ಬಿನ ತಲೆ ಕಷ್ಟಪಟ್ಟು ತೂರುವಷ್ಟು ಜಾಗ ಬಿಟ್ಟು, ಚೆಂಡು ಕೂರಿಸುವ ಮೊಳೆಯಂಥ ಎರಡು ಟೀ ನೆಟ್ಟು, ಅವಕ್ಕೆ ತಾಗದಂತೆ ಚೆಂಡು ಹೊಡೆಯುವುದು. ಮನೆಯ ನೆಲದ ಮೇಲೆ ಎರಡು ಪುಸ್ತಕಗಳ ನಡುವೆಯೂ ಇದನ್ನು ಮಾಡಬಹುದು. ಕೆಲವು ಚೆಂಡು ಪುಸ್ತಕ ಇಟ್ಟು ಹೊಡೆಯಿರಿ, ಆಮೇಲೆ ಪುಸ್ತಕ ತೆಗೆದು, ಅವು ಅಲ್ಲೇ ಇವೆ ಎಂದು ಕಲ್ಪಿಸಿಕೊಂಡು ಹೊಡೆಯಿರಿ. ಇವತ್ತು ನಾನು ಹೇಳಿದ್ದೆಲ್ಲ ಈ ಒಂದು ಅಭ್ಯಾಸದಲ್ಲೇ ಅಡಕವಾಗಿದೆ.

ಹೊಸ ಸಾಧನ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಇಷ್ಟು. ಮೊದಲು ಒಬ್ಬ ಒಳ್ಳೆಯ ಕೋಚ್ ಹತ್ತಿರ ಹೋಗಿ ನಿಮ್ಮ ದೋಷ ಯಾವುದು ಎಂದು ತಿಳಿದುಕೊಳ್ಳಿ. ಒಂದು ಸಲಕ್ಕೆ ಒಂದೇ ದೋಷ, ಅದಕ್ಕೆ ಒಂದೇ ಸಾಧನ. ವಾರದಲ್ಲಿ ಇಪ್ಪತ್ತು ಗಜ ಹೆಚ್ಚಿಸುತ್ತೇವೆ ಎನ್ನುವ ಜಾಹೀರಾತಿಗೆ ಮರುಳಾಗಬೇಡಿ. ರೇಂಜಿಗೆ ಹೋದಾಗ ಬುಟ್ಟಿಯ ಅರ್ಧ ಚೆಂಡುಗಳನ್ನು ಸಾಧನ ಇಟ್ಟು ಹೊಡೆದರೆ ಉಳಿದರ್ಧವನ್ನು ಅದನ್ನು ಎತ್ತಿಟ್ಟು ಹೊಡೆಯಿರಿ. ಆ ಉಳಿದರ್ಧದಲ್ಲಿ ಪ್ರತಿ ಚೆಂಡಿಗೂ ಬೇರೆ ಗುರಿ ಹಿಡಿಯಿರಿ, ಚೆಂಡಿನ ಹಿಂದೆ ನಿಂತು ಅದರ ಹಾರಾಟವನ್ನು ಪೂರ್ತಿ ಕಂಡ ಮೇಲೆಯೇ ಕ್ಲಬ್ ಎತ್ತಿ. ಚಿತ್ರ ಮೂಡದಿದ್ದರೆ ಹೊಡೆಯಬೇಡಿ, ಹಿಂದೆ ಸರಿದು ಮತ್ತೆ ನಿಲ್ಲಿ. ಚೆಂಡಿನ ಲೆಕ್ಕ ಕಡಿಮೆಯಾದರೂ ಕಲಿಕೆ ಕಡಿಮೆಯಾಗುವುದಿಲ್ಲ.